ಅಪ್ಪಣೆ ಬಂದ ಮೇಲೆ

ಅಪ್ಪಣೆ ಎಂಬ ಮಾತಿಗೆ ನಮ್ಮ ಬಾಳಿನಲ್ಲಿ ಎರಡು ಮುಖಗಳಿವೆ. ಮನೆಯಿಂದ ಹೊರಡುವಾಗ ಹಿರಿಯರಲ್ಲಿ ಕೇಳುವ ಅಪ್ಪಣೆ ಒಂದು. ಕಚೇರಿಯಲ್ಲಿ ಅರ್ಜಿ ಬರೆದುಕೊಟ್ಟು, ಶುಲ್ಕ ಕಟ್ಟಿ, ಮೊಹರು ಹಾಕಿಸಿಕೊಂಡು ಪಡೆಯುವ ಅಪ್ಪಣೆ ಇನ್ನೊಂದು. ಮೊದಲನೆಯದನ್ನು ಇಲ್ಲವೆನ್ನುವ ಹಿರಿಯರನ್ನು ನಾನು ಕಂಡಿಲ್ಲ; ಎರಡನೆಯದನ್ನು ಒಂದೇ ಸಲಕ್ಕೆ ಕೊಟ್ಟ ಕಚೇರಿಯನ್ನೂ ಕಂಡಿಲ್ಲ. ಇವೆರಡಕ್ಕೂ ಸೇರದ ಮೂರನೆಯ ಬಗೆಯೊಂದಿದೆ. ಅದನ್ನು ಯಾರೂ ಕೇಳುವುದಿಲ್ಲ, ಯಾರೂ ಕೊಡುವುದಿಲ್ಲ. ಪ್ರೀತಿಯ ಸಲುಗೆಯಿಂದ ತಾನಾಗಿಯೇ ತೆಗೆದುಕೊಂಡದ್ದು. ನೆರೆಮನೆಯ ಬೇಲಿಯಿಂದ ಈಚೆಗೆ ಬಾಗಿದ ಕೊಂಬೆಯ ಹೂವನ್ನು ಬೆಳಗಿನ ಪೂಜೆಗೆ ಕೊಯ್ದುಕೊಳ್ಳುವವರೆಲ್ಲರೂ ಈ ಮೂರನೆಯ ಅಪ್ಪಣೆಯ ಮೇಲೆಯೇ ಬದುಕುತ್ತಾರೆ. ಮನೆಯ ಯಜಮಾನ ಪರಸ್ಥಳದಲ್ಲಿರುವವರೆಗೆ ಈ ಏರ್ಪಾಡು ಸೊಗಸಾಗಿ ನಡೆಯುತ್ತದೆ. ಅವನು ಬಂದು ಬೇಲಿ ಕಿತ್ತು ಗೋಡೆ ಕಟ್ಟಿಸಿದ ದಿನ ತೊಡಕು ಮೊದಲಾಗುತ್ತದೆ. ಗೋಡೆ ಕಟ್ಟಿಸುವ ಹಕ್ಕು ಅವನದೇ, ಸಂದೇಹವಿಲ್ಲ. ಆದರೆ ಗೋಡೆ ಕಟ್ಟಿಸಿದವನು ತಾನೂ ಕೊಯ್ಯದೆ ಹೂವನ್ನು ಗಿಡದಲ್ಲೇ ಬಾಡಲು ಬಿಟ್ಟರೆ? ನಾನೀಗ ಹೇಳಹೊರಟಿರುವುದು ಅಂಥದೊಂದು ಹೂವಿನ ಸಂಗತಿ.

ನಮ್ಮೂರು ಹೊಳವನಹಳ್ಳಿ, ಕೊರಟಗೆರೆ ತಾಲ್ಲೂಕಿನ ಒಂದು ಹೋಬಳಿಯ ಊರು. ದೇವರಾಯನದುರ್ಗದ ಬೆಟ್ಟಗಳಲ್ಲಿ ಹುಟ್ಟುವ ಜಯಮಂಗಲಿ ನಮ್ಮ ಸೀಮೆಯನ್ನು ಹಾದುಹೋಗಿ ಉತ್ತರ ಪಿನಾಕಿನಿಯನ್ನು ಸೇರುತ್ತಾಳೆಂದು ಭೂಗೋಳದ ಪುಸ್ತಕ ಹೇಳುತ್ತದೆ. ಮಳೆ ಚೆನ್ನಾಗಿ ಆದ ವರ್ಷ ನಾವೂ ಅದನ್ನು ಒಪ್ಪುತ್ತೇವೆ. ಮೇಷ್ಟರ ಕೆಲಸದಿಂದ ನಿವೃತ್ತನಾದ ನಾನು, ನನ್ನ ಅಕ್ಕ, ಇಬ್ಬರೇ ಹಳೆಯ ಮನೆಯಲ್ಲಿ ಇದ್ದೇವೆ. ಅಕ್ಕನಿಗೆ ಎಂಬತ್ತು ದಾಟಿದೆ. ಕಣ್ಣು ಇನ್ನೂ ಚುರುಕು. ಕಿವಿ ಮಾತ್ರ ಹತ್ತು ವರ್ಷಗಳಿಂದ ಮುಷ್ಕರ ಹೂಡಿದೆ. ಕಿವಿಗೆ ಹಾಕಿಕೊಳ್ಳುವ ಯಂತ್ರವನ್ನು ತಂದುಕೊಟ್ಟೆವು. "ಒಳಗೆ ಜೀರುಂಡೆ ಕೂತ ಹಾಗಿದೆ ಕಣೋ" ಎಂದು ತೆಗೆದು ಡಬ್ಬಿಯಲ್ಲಿಟ್ಟಳು. ಅಂದಿನಿಂದ ಟೆಲಿವಿಷನ್ ಅವಳ ಪಾಲಿಗೆ ಬಾಯಿ ಆಡಿಸುವ ಗೊಂಬೆಗಳ ಪೆಟ್ಟಿಗೆ.

ಓದು ಮಾತ್ರ ಅವಳ ಪ್ರಾಣ. ೧೯೬೦ರ ದಶಕದಲ್ಲಿ ವಾರಪತ್ರಿಕೆಗಳ ಧಾರಾವಾಹಿಯ ಹಾಳೆಗಳನ್ನು ಕತ್ತರಿಸಿ, ಕ್ರಮವಾಗಿ ಜೋಡಿಸಿ, ದಬ್ಬಳದಿಂದ ಹೊಲಿದು, ಹಳೆಯ ಲಗ್ನಪತ್ರಿಕೆಯ ರಟ್ಟು ಅಂಟಿಸಿ ಪುಸ್ತಕ ಮಾಡಿಟ್ಟುಕೊಳ್ಳುತ್ತಿದ್ದ ಗೃಹಿಣಿಯರಲ್ಲಿ ಅವಳೂ ಒಬ್ಬಳು. ಈ ಪತ್ರಿಕೆಯನ್ನು ಓದುವ ಮನೆಗಳಲ್ಲಿ ಅಂಥ ಪುಸ್ತಕ ಒಂದಾದರೂ ಅಟ್ಟದ ಮೇಲೆ ಇದ್ದೀತು. ಆ ಪುಸ್ತಕಗಳು ಬೀದಿಯ ಹತ್ತು ಮನೆಗಳನ್ನು ಸುತ್ತಿ, ಅಂಚು ಹರಿದು, ಒಗ್ಗರಣೆಯ ಕಲೆಗಳನ್ನು ಹೊತ್ತು ಮರಳಿ ಬರುತ್ತಿದ್ದುವು. ಲೇಖಕರ ಅಪ್ಪಣೆ ಕೇಳಬೇಕೆಂದು ಯಾರಿಗೂ ತೋಚಲಿಲ್ಲ. ಲೇಖಕರಿಗೆ ತಿಳಿದಿದ್ದರೆ ಸಂತೋಷಪಡುತ್ತಿದ್ದರೆಂದೇ ನನ್ನ ನಂಬಿಕೆ.

ಅಕ್ಕನ ಮೊಮ್ಮಗ ತುಮಕೂರಿನಲ್ಲಿ ಎಂಜಿನಿಯರಿಂಗ್ ಓದುತ್ತಾನೆ. ಶನಿವಾರ ಸಂಜೆಯ ಬಸ್ಸಿಗೆ ಬಂದು ಸೋಮವಾರ ಬೆಳಗಿನ ಬಸ್ಸಿಗೆ ಹೋಗುತ್ತಾನೆ. ಅವನಿಗೆ ಜಪಾನಿನ ಚಿತ್ರಮಾಲೆಗಳ ಹುಚ್ಚು. 'ಅನಿಮೆ' ಎಂದು ಅವುಗಳ ಹೆಸರು. ಬರೆದ ಚಿತ್ರಗಳಿಗೆ ಚಲನೆ ಕೊಟ್ಟು ಹೇಳುವ ಕಥೆಗಳು. ಒಂದು ಕಂತಿಗೆ ಸುಮಾರು ೨೪ ನಿಮಿಷ, ಹನ್ನೆರಡೋ ಹದಿಮೂರೋ ಕಂತಿಗೆ ಒಂದು ಸುತ್ತು. ನಮ್ಮ ಧಾರಾವಾಹಿಗಳದೇ ಜಾತಿ ಎನ್ನಬಹುದು. ನಾಯಕಿಯ ಕೈಗೆ ಕಾಗದ ಬಂದು, ಅವಳು ಅದನ್ನು ಒಡೆಯುವಷ್ಟರಲ್ಲಿ 'ಮುಂದಿನ ವಾರಕ್ಕೆ' ಎಂದುಬಿಡುವ ಕ್ರೌರ್ಯವೂ ಅದೇ. ಬರೆದ ಚಿತ್ರವೆಂದರೆ ಮಕ್ಕಳ ಆಟವೆಂದು ತಿಳಿಯುವವರು ನಮ್ಮಲ್ಲಿ ಬಹಳ. ಜಪಾನಿನವರು ಯುದ್ಧವನ್ನೂ ಹಸಿವನ್ನೂ ಮುಪ್ಪನ್ನೂ ವಿರಹವನ್ನೂ ಈ ಚಿತ್ರಗಳಲ್ಲಿ ಹೇಳುತ್ತಾರೆ.

ಮೊಮ್ಮಗನೂ, ಅವನ ತರಗತಿಯ ಇಬ್ಬರು ಗೆಳೆಯರೂ ಸೇರಿ ಇಂಥದೊಂದು ಚಿತ್ರಮಾಲೆಗೆ ಕನ್ನಡದ ಸಬ್‌ಟೈಟಲ್, ಎಂದರೆ ಚಿತ್ರದ ಅಡಿಯಲ್ಲಿ ಮೂಡುವ ಮಾತಿನ ಸಾಲು, ಬರೆಯಲು ತೊಡಗಿದರು. ಗೆಳೆಯರಲ್ಲಿ ಒಬ್ಬ ಸಿರಾದವನು. ಇನ್ನೊಬ್ಬಳು ಪಾವಗಡದ ಹುಡುಗಿ. ಸಮುದ್ರದ ದಡದ ಒಂದು ಊರಿನಲ್ಲಿ ಅಜ್ಜಿಯ ಆಶ್ರಯದಲ್ಲಿ ಬೆಳೆಯುವ ತಬ್ಬಲಿಯ ಕಥೆ ಅದು. ಅದರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಅದನ್ನು ಕೊಂಡವರ ಹೆಸರನ್ನೂ ಬರೆದಂತಾಗುತ್ತದೆ. ಅದು ನನ್ನ ಉದ್ದೇಶವಲ್ಲ.

ಈ ಕೆಲಸ ಎಷ್ಟು ಸೂಕ್ಷ್ಮವೆಂಬುದನ್ನು ನೋಡಿದವರೇ ಬಲ್ಲರು. ಪ್ರತಿಯೊಂದು ಮಾತೂ ಯಾವ ಕ್ಷಣದಲ್ಲಿ ಮೊದಲಾಗಿ ಯಾವ ಕ್ಷಣದಲ್ಲಿ ಮುಗಿಯುತ್ತದೆಂಬುದನ್ನು ಸೆಕೆಂಡಿನ ಸಾವಿರದಲ್ಲೊಂದು ಪಾಲಿನವರೆಗೆ ಗುರುತುಹಾಕಬೇಕು. ಒಂದು ಕಂತಿನಲ್ಲಿ ಮುನ್ನೂರು ನಾನೂರು ಸಾಲುಗಳಿರುತ್ತವೆ. ಸಾಲು ಉದ್ದವಾದರೆ ಓದುವವರ ಕಣ್ಣು ಸೋಲುತ್ತದೆ. ಗಿಡ್ಡವಾದರೆ ಅರ್ಥ ಸೋಲುತ್ತದೆ. ಇಂಗ್ಲಿಷಿಗಿಲ್ಲದ ಕಷ್ಟವೊಂದು ಕನ್ನಡಕ್ಕುಂಟು: ಮೇಲಿನ ಸಾಲಿನ ಒತ್ತಕ್ಷರದ ಕಾಲು ಕೆಳಗಿನ ಸಾಲಿನ ಕೊಂಬು ಗುಡಿಸುಗಳಿಗೆ ತಗಲುತ್ತದೆ. ಈ ಮೂವರೂ ಪರೀಕ್ಷೆಗೆ ಹೀಗೆ ನಿದ್ದೆಗೆಟ್ಟಿದ್ದರೆ ಪದಕ ಬರುತ್ತಿತ್ತೆಂದು ನಾನು ಒಮ್ಮೆ ಹೇಳಿದೆ. ಮೊಮ್ಮಗ ನಕ್ಕು, "ತಾತ, ಪರೀಕ್ಷೆ ಬರೆದದ್ದನ್ನು ಯಾರು ಓದುತ್ತಾರೆ ಹೇಳಿ? ಇದನ್ನು ಅಜ್ಜಿ ಓದುತ್ತಾಳೆ" ಎಂದ.

ಅವರು ಮೊದಲು ಇಂಗ್ಲಿಷ್ ಸಾಲುಗಳಿಂದ ಅನುವಾದ ಮಾಡುತ್ತಿದ್ದರು. ಆಮೇಲೆ ಮೊಮ್ಮಗ ಜಪಾನೀ ಭಾಷೆಯನ್ನೇ ಕಲಿಯಲು ಹಿಡಿದ. ಕಲಿತಂತೆ ಅವನಿಗೊಂದು ಸೋಜಿಗ ಕಾದಿತ್ತು. ಆ ಭಾಷೆಯ ವಾಕ್ಯವೂ ನಮ್ಮದರಂತೆಯೇ ಕ್ರಿಯಾಪದದಲ್ಲಿ ಮುಗಿಯುತ್ತದೆ. ಅಲ್ಲಿಯೂ ಅಪರಿಚಿತ ತರುಣನನ್ನು ಅಣ್ಣನೆಂದೂ, ದಾರಿಯಲ್ಲಿ ಕಂಡ ಮುದುಕಿಯನ್ನು ಅಜ್ಜಿಯೆಂದೂ ಕರೆಯುವ ರೂಢಿಯಿದೆ. "ತಾತ, ಮನೆಯಿಂದ ಹೊರಡುವಾಗ ಅವರು ಏನೆನ್ನುತ್ತಾರೆ ಗೊತ್ತೇ? 'ಇತ್ತೆಕಿಮಾಸ್'. ಇಂಗ್ಲಿಷಿನವರು ಅದನ್ನು 'ನಾನು ಹೊರಟೆ' ಎಂದು ಬರೆದುಬಿಡುತ್ತಾರೆ. ಅದರ ಅಕ್ಷರಾರ್ಥ 'ಹೋಗಿ ಬರುತ್ತೇನೆ'!" ಎಂದು ಅವನು ಹೇಳಿದಾಗ ನನಗೂ ಮೈ ನವಿರೆದ್ದಿತು. 'ಹೋಗುತ್ತೇನೆ' ಎಂದು ಬಾಯಿ ತಪ್ಪಿ ಅಂದರೆ ಅಮಂಗಳವೆಂದು ನಮ್ಮ ತಾಯಂದಿರು ಗದರಿಸುತ್ತಿದ್ದ ಮಾತು ಅದು. ಸಾವಿರಾರು ಮೈಲಿ ಆಚೆಯ ಒಂದು ದ್ವೀಪದಲ್ಲಿ, ನಮ್ಮ ಹೊಸಿಲ ಮೇಲೆ ನಿಂತು ಆಡುವ ಮಾತನ್ನೇ ಆಡುತ್ತಾರೆ. ಇಂಗ್ಲಿಷಿನ ಮೂಲಕ ಬಂದಾಗ ಆ ಮಾತಿನ 'ಬರುತ್ತೇನೆ' ಎಂಬ ಭರವಸೆಯೇ ಉದುರಿಹೋಗುತ್ತದೆ.

ಎರಡನೆಯ ಕಂತಿನಲ್ಲಿ ಆ ಚಿತ್ರದ ಹುಡುಗಿ ಶಾಲೆಗೆ ಹೊರಟು ಬಾಗಿಲಲ್ಲಿ ನಿಂತು ಅಜ್ಜಿಗೆ ಆ ಮಾತನ್ನು ಹೇಳಿದಳು. ಅಡಿಯಲ್ಲಿ 'ಅಜ್ಜೀ, ಹೋಗಿ ಬರುತ್ತೇನೆ' ಎಂದು ಕನ್ನಡದ ಅಕ್ಷರ ಮೂಡಿತು. ಅವರೆಕಾಯಿ ಸುಲಿಯುತ್ತ ಕುಳಿತಿದ್ದ ನನ್ನ ಅಕ್ಕ ತಲೆಯೆತ್ತಿ, ಚಿತ್ರದ ಅಜ್ಜಿ ಬಾಯಿ ತೆರೆಯುವುದಕ್ಕೆ ಮೊದಲೇ, "ಹೋಗಿ ಬಾರಮ್ಮ" ಎಂದಳು. ಹತ್ತು ವರ್ಷಗಳಲ್ಲಿ ಟೆಲಿವಿಷನ್ನಿನ ಸಂಗಡ ಅವಳು ಆಡಿದ ಮೊದಲ ಮಾತು ಅದು.

ಹೀಗೆ ಏಳು ಕಂತುಗಳಾದುವು. ಒಂದು ಮದುವೆಯ ಪಂಕ್ತಿಗೆ ಸಾಲುವಷ್ಟು ಜನ ಈ ಕನ್ನಡ ಸಾಲುಗಳನ್ನು ತರಿಸಿಕೊಂಡು ನೋಡುತ್ತಿದ್ದರು. ಅವರಲ್ಲಿ ಮಧುಗಿರಿಯ ಒಬ್ಬ ತಾಯಿ, ಪಾವಗಡದ ಕಡೆಯ ಒಬ್ಬ ಶಾಲಾ ಮೇಷ್ಟರು ಸೇರಿದ್ದರು. ಎಂಟನೆಯ ಕಂತು ಅರ್ಧವಾಗಿದ್ದಾಗ ಸುದ್ದಿ ಬಂತು. ಆ ಚಿತ್ರಮಾಲೆಯ ಹಕ್ಕನ್ನು ಇಡೀ ಭಾರತಕ್ಕೆ ಅನ್ವಯಿಸುವಂತೆ ಒಂದು ಸಂಸ್ಥೆ ಕ್ರಯಕ್ಕೆ ಪಡೆದಿತ್ತು. ಹಿಂದಿ, ತಮಿಳು, ತೆಲುಗು ಮಾತುಗಳನ್ನು ಸೇರಿಸಿ ಬಿಡುಗಡೆ ಮಾಡಿತು. ಕನ್ನಡ ಇರಲಿಲ್ಲ. ಮೂವರು ಹುಡುಗರೂ ಅಂದು ರಾತ್ರಿಯೇ ತಮ್ಮ ಏಳು ಕಂತುಗಳ ಸಾಲುಗಳನ್ನು ಹಿಂತೆಗೆದುಕೊಂಡರು, ಎಂಟನೆಯದನ್ನು ನಿಲ್ಲಿಸಿದರು. ಯಾರೂ ಬೆದರಿಸಿರಲಿಲ್ಲ, ನೋಟೀಸು ಬಂದಿರಲಿಲ್ಲ. "ಅದು ನಮ್ಮ ಪದ್ಧತಿ, ತಾತ" ಎಂದಷ್ಟೇ ಮೊಮ್ಮಗ ಹೇಳಿದ.

ಪದ್ಧತಿಯೇನೆಂದು ವಾಚಕರಿಗೆ ಸ್ವಲ್ಪ ವಿವರಿಸಬೇಕು. ೧೯೮೦ರ ದಶಕದ ಕೊನೆಯಲ್ಲಿ ಅಮೆರಿಕದ ಕೆಲವು ಅಭಿಮಾನಿಗಳು ಜಪಾನಿನಿಂದ ತರಿಸಿದ ವಿಡಿಯೋ ಕ್ಯಾಸೆಟ್ಟುಗಳಿಗೆ ಮನೆಯ ಕಂಪ್ಯೂಟರಿನಿಂದ ಇಂಗ್ಲಿಷ್ ಸಾಲುಗಳನ್ನು ಹಚ್ಚಿ, ಅಂಚೆಯ ಮೂಲಕ ಹಂಚತೊಡಗಿದರು. ಖಾಲಿ ಕ್ಯಾಸೆಟ್ಟನ್ನೂ ಅಂಚೆವೆಚ್ಚವನ್ನೂ ಕಳಿಸಿದವರಿಗೆ ಪ್ರತಿ ಮಾಡಿ ಕಳಿಸುವುದು, ಲಾಭ ಕೂಡದು. ಇವರು ತಮಗೆ ತಾವೇ ಎರಡು ಕಟ್ಟಲೆಗಳನ್ನು ಹಾಕಿಕೊಂಡರು: ಮಾರಬಾರದು, ತಮ್ಮ ನಾಡಿನಲ್ಲಿ ಯಾರಾದರೂ ಹಣ ಕೊಟ್ಟು ಹಕ್ಕನ್ನು ಪಡೆದ ದಿನ ಹಂಚುವುದನ್ನು ನಿಲ್ಲಿಸಬೇಕು. ಯಜಮಾನ ಬರುವವರೆಗೆ ದೀಪ ಹಚ್ಚಿಡುವವರ ಧರ್ಮ ಇದು. ಎಲ್ಲರೂ ಪಾಲಿಸಿದರೆಂದು ಹೇಳಲಾರೆ; ಆದರೆ ಕಟ್ಟಲೆಯೆಂಬುದು ಒಂದಿತ್ತು, ಇಂದಿಗೂ ಇದೆ.

ಕಾನೂನು ಮಾತ್ರ ಈ ಧರ್ಮವನ್ನು ಎಂದೂ ಒಪ್ಪಿದ್ದಲ್ಲ. ೨೦೦೪ರ ಡಿಸೆಂಬರಿನಲ್ಲಿ ಜಪಾನಿನ ಮೀಡಿಯಾ ಫ್ಯಾಕ್ಟರಿ ಎಂಬ ಸಂಸ್ಥೆ ವಕೀಲರ ಮೂಲಕ ಕೆಲವು ಅಭಿಮಾನಿ ತಂಡಗಳಿಗೆ ಕಾಗದ ಬರೆಸಿ, ತನ್ನ ಚಿತ್ರಗಳನ್ನು ಮುಟ್ಟಕೂಡದೆಂದಿತು. ೨೦೧೭ರಲ್ಲಿ ಆಮ್‌ಸ್ಟರ್‌ಡಾಮಿನ ನ್ಯಾಯಾಲಯವೊಂದು, ಚಿತ್ರದ ಸಂಭಾಷಣೆಯೂ ಕೃತಿಯೇ ಆದುದರಿಂದ ಅಪ್ಪಣೆಯಿಲ್ಲದೆ ಅದರ ಅನುವಾದವನ್ನು ಹಂಚುವುದು ಸಲ್ಲದೆಂದು ತೀರ್ಪಿತ್ತಿತು. ಇವರ ವಾದದಲ್ಲಿ ಹುರುಳಿಲ್ಲದಿಲ್ಲ. ಒಂದು ಚಿತ್ರಮಾಲೆಗೆ ಜಪಾನಿನಲ್ಲಿ ಹಲವು ಸಂಸ್ಥೆಗಳು ಸಮಿತಿಯಾಗಿ ಕೂಡಿ ಬಂಡವಾಳ ಹೂಡುತ್ತವೆ. ಹೊರದೇಶಗಳಿಗೆ ಹಕ್ಕು ಮಾರಿ ಬಂದ ಹಣ ಅವರ ಆದಾಯದ ದೊಡ್ಡ ಪಾಲು. ರಾತ್ರಿ ಹಗಲು ಚಿತ್ರ ಬರೆಯುವ ಕಲಾವಿದರಿಗೆ ಸಿಗುವ ಕೂಲಿ ಮೊದಲೇ ಅಲ್ಪ. ಬಿಟ್ಟಿ ನೋಡುವವರು ಹೆಚ್ಚಿದಷ್ಟೂ ಅದು ಇನ್ನಷ್ಟು ಅಲ್ಪವಾಗುತ್ತದೆ.

ಅಪ್ಪಣೆಯಿಂದ ಒಳ್ಳೆಯದೂ ಆಗಿದೆ. ೨೦೦೬ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದ ಕ್ರಂಚಿರೋಲ್ ಎಂಬ ಸಂಸ್ಥೆ ಮೊದಮೊದಲು ಅಭಿಮಾನಿಗಳು ಹಾಕಿದ ಅಪ್ಪಣೆಯಿಲ್ಲದ ಪ್ರತಿಗಳಿಂದಲೇ ಬೆಳೆಯಿತು. ೨೦೦೯ರ ಜನವರಿಯಿಂದ ಟಿವಿ ಟೋಕಿಯೋ ಮೊದಲಾದವರೊಡನೆ ಒಪ್ಪಂದ ಮಾಡಿಕೊಂಡು, ಅಪ್ಪಣೆಯಿಲ್ಲದ್ದನ್ನೆಲ್ಲ ತೆಗೆದುಹಾಕಿ, ಜಪಾನಿನಲ್ಲಿ ಪ್ರಸಾರವಾದ ಕೆಲವೇ ಗಂಟೆಗಳಲ್ಲಿ ಇಂಗ್ಲಿಷ್ ಸಾಲುಗಳೊಡನೆ ಕಂತನ್ನು ಒದಗಿಸತೊಡಗಿತು. ೨೦೨೧ರಲ್ಲಿ ಸೋನಿ ಸಂಸ್ಥೆ ಅದನ್ನು ನೂರು ಕೋಟಿ ಡಾಲರಿಗೂ ಮಿಕ್ಕ ಬೆಲೆಗೆ ಕೊಂಡಿತು. ಇಂಗ್ಲಿಷ್ ಬಲ್ಲವರಿಗೆ ಕಾಯುವ ಕಷ್ಟ ತಪ್ಪಿತು. ಚಿತ್ರ ಬರೆದವರ ನಾಡಿಗೆ ಹಣ ಸೇರಿತು. ಹಿಂದಿನ ಅಭಿಮಾನಿ ಅನುವಾದಕರಲ್ಲಿ ಕೆಲವರಿಗೆ ಸಂಬಳದ ಕೆಲಸವೇ ದೊರೆಯಿತು. ಇಂಗ್ಲಿಷಿನ ಮಟ್ಟಿಗೆ, ಬೇಲಿ ಹೋಗಿ ಗೋಡೆ ಬಂದರೂ ಗೋಡೆಗೊಂದು ಬಾಗಿಲಿಟ್ಟು, ಹೂವಿನ ಅಂಗಡಿ ತೆರೆದರು ಎನ್ನಬಹುದು.

ಕನ್ನಡದ ಮಟ್ಟಿಗೆ ಹಾಗಾಗಲಿಲ್ಲ. ಕಾರಣ ಸರಳವಾಗಿದೆ. ಹಕ್ಕನ್ನು ಮಾರುವವರು ಭೂಪಟವನ್ನು ಮುಂದಿಟ್ಟುಕೊಂಡು ಮಾರುತ್ತಾರೆ. ನುಡಿಗಳ ಪಟ್ಟಿಯನ್ನು ಮುಂದಿಟ್ಟುಕೊಂಡಲ್ಲ. ಅವರ ಭೂಪಟದಲ್ಲಿ ಭಾರತ ಒಂದೇ ಬಣ್ಣ. ಕೊಂಡವನು ಕಾಶ್ಮೀರದಿಂದ ಕನ್ಯಾಕುಮಾರಿಯವರೆಗೆ ಯಜಮಾನನಾದ. ಅಷ್ಟೂ ನೆಲದ ಅಷ್ಟೂ ನುಡಿಗಳಿಗೆ ಒದಗಿಸುವ ಹೊಣೆ ಮಾತ್ರ ಅವನ ಮೇಲೆ ಬೀಳಲಿಲ್ಲ. ಒಪ್ಪಂದಕ್ಕೆ ಸಹಿ ಬಿದ್ದ ಕ್ಷಣದಲ್ಲಿ ಹೊಳವನಹಳ್ಳಿಯ ಹುಡುಗ ಕೈ ಕಟ್ಟಿ ಕೂರಬೇಕು. ಅವನ ಬದಲಿಗೆ ಬರೆಯುವವರು ಬರುವುದಿಲ್ಲ. ಅಮೆರಿಕದ ಅಭಿಮಾನಿ ನಿಲ್ಲಿಸಿದಾಗ ಅವನ ನುಡಿ ಗೆದ್ದಿತ್ತು. ನಮ್ಮ ಹುಡುಗರು ಅದೇ ಧರ್ಮವನ್ನು ಪಾಲಿಸಿದಾಗ ಅವರ ನುಡಿ ಸೋತಿತು.

ಇದು ನಮ್ಮೊಬ್ಬರ ಅಳಲಲ್ಲ. ೨೦೨೫ರ ಸೆಪ್ಟೆಂಬರಿನಲ್ಲಿ 'ಡೀಮನ್ ಸ್ಲೇಯರ್: ಇನ್ಫಿನಿಟಿ ಕ್ಯಾಸಲ್' ಎಂಬ ಜಪಾನೀ ಚಿತ್ರ ಭಾರತದ ಚಿತ್ರಮಂದಿರಗಳಿಗೆ ಬಂದಾಗ ಜಪಾನೀ, ಇಂಗ್ಲಿಷ್, ಹಿಂದಿ, ತಮಿಳು, ತೆಲುಗು ಮಾತನಾಡಿತು. ಅದಕ್ಕಿಂತ ಮನಸ್ಸಿಗೆ ನಾಟುವ ಉದಾಹರಣೆಯೊಂದಿದೆ. ಯುಗೋ ಸಾಕೋ ಎಂಬ ಜಪಾನೀ ಮಹನೀಯರು ನಮ್ಮ ರಾಮಾಯಣಕ್ಕೆ ಮನಸೋತು, ರಾಮ್ ಮೋಹನ್ ಅವರಂಥ ಭಾರತೀಯ ಕಲ್ಪಕರ ಜೊತೆಗೂಡಿ ೧೯೯೨ರಲ್ಲಿ ಮುಗಿಸಿದ ಚಿತ್ರ ೨೦೨೫ರ ಜನವರಿಯಲ್ಲಿ ನಮ್ಮ ದೇಶದಲ್ಲಿ ಹೊಸದಾಗಿ ತೆರೆಕಂಡಿತು: ಇಂಗ್ಲಿಷ್, ಹಿಂದಿ, ತಮಿಳು, ತೆಲುಗಿನಲ್ಲಿ. ಕಿಷ್ಕಿಂಧೆ ಇದ್ದದ್ದು ಹಂಪೆಯ ಮಗ್ಗುಲಲ್ಲೇ ಎಂದು ನಂಬಿದ ನಾಡು ನಮ್ಮದು. ಆ ಕಿಷ್ಕಿಂಧೆಯ ವಾಲಿ ಸುಗ್ರೀವರಿಗೆ ಕನ್ನಡದ ಮಾತು ಒದಗಲಿಲ್ಲ. ೨೦೧೧ರ ಜನಗಣತಿಯಲ್ಲಿ ಕನ್ನಡವನ್ನು ತಾಯಿನುಡಿಯೆಂದು ಬರೆಸಿದವರು ೪ ಕೋಟಿ ೩೭ ಲಕ್ಷ ಜನ. ಒಂದು ಚಿತ್ರಕ್ಕೆ ಅಷ್ಟು ಜನ ಸಾಲದೆ?

ಸಾಲದೆಂಬ ಭಾವನೆ ವ್ಯಾಪಾರಿಗಳಿಗೆ ಹೇಗೆ ಬಂತೆಂದು ಕೇಳಿದರೆ, ನಮ್ಮ ಮನೆಯ ಕದವನ್ನೂ ಒಮ್ಮೆ ನೋಡಿಕೊಳ್ಳಬೇಕಾಗುತ್ತದೆ. ೧೯೬೦ರ ದಶಕದಲ್ಲಿ ಅ.ನ.ಕೃ. ಅವರೂ, ರಾಜಕುಮಾರ್ ಮೊದಲಾದ ಕಲಾವಿದರೂ ಡಬ್ಬಿಂಗ್ ಚಿತ್ರಗಳ ವಿರುದ್ಧ ದನಿಯೆತ್ತಿದರು. ಕನ್ನಡ ಚಿತ್ರಗಳು ವರ್ಷಕ್ಕೆ ಬೆರಳೆಣಿಕೆಯಷ್ಟು ತಯಾರಾಗುತ್ತ, ಮದರಾಸಿನ ಸ್ಟುಡಿಯೋಗಳನ್ನು ನೆಚ್ಚಿದ್ದ ಕಾಲ ಅದು. ಎಳೆಯ ಸಸಿಗೆ ಬೇಲಿ ಬೇಕಾಗಿತ್ತು. ಬೇಲಿಯಿಂದ ಸಸಿ ಮರವಾದದ್ದೂ ನಿಜ. ಆದರೆ ಮರವಾದ ಮೇಲೂ ಬೇಲಿ ಉಳಿಯಿತು. ಕಾನೂನಿನಲ್ಲಿ ಬರೆಯದ ಆ ಕಟ್ಟು ಸುಮಾರು ಐವತ್ತು ವರ್ಷ ನಡೆಯಿತು. ಕನ್ನಡ ಗ್ರಾಹಕರ ಕೂಟ ಎಂಬ ಸಂಸ್ಥೆ ೨೦೧೨ರಲ್ಲಿ ಭಾರತೀಯ ಸ್ಪರ್ಧಾ ಆಯೋಗಕ್ಕೆ ದೂರಿತ್ತು, ಆಯೋಗ ೨೦೧೫ರ ಜುಲೈಯಲ್ಲಿ ಅಂಥ ತಡೆ ಸಲ್ಲದೆಂದು ಆಜ್ಞೆ ಮಾಡಿತು. ೨೦೧೭ರಲ್ಲಿ 'ಸತ್ಯದೇವ್ ಐಪಿಎಸ್' ಎಂಬ ತಮಿಳು ಮೂಲದ ಚಿತ್ರ ಕನ್ನಡ ಮಾತನಾಡಿಕೊಂಡು ಬಂದಾಗಲೂ ಪ್ರತಿಭಟನೆ ನಡೆಯಿತು. ಮಕ್ಕಳ ಕಾರ್ಟೂನುಗಳು ಮಾತ್ರ ಬೇಲಿಯ ಕೆಳಗೆ ನುಸುಳಿ, ೨೦೦೯ರಲ್ಲಿ ಆರಂಭವಾದ ಚಿಂಟು ಟಿವಿಯಲ್ಲಿ ಕನ್ನಡ ಆಡಿದುವು. ಆ ಐವತ್ತು ವರ್ಷಗಳಲ್ಲಿ ಹೊರಗಿನ ವ್ಯಾಪಾರಿ ಒಂದು ಪಾಠ ಕಲಿತ: ಕನ್ನಡಿಗ ಹಿಂದಿಯಲ್ಲಿ ಕೊಟ್ಟರೂ ನೋಡುತ್ತಾನೆ, ತೆಲುಗಿನಲ್ಲಿ ಕೊಟ್ಟರೂ ನೋಡುತ್ತಾನೆ, ಅವನಿಗೆಂದು ಬೇರೆ ಎಲೆ ಹಾಕಬೇಕಾಗಿಲ್ಲ.

ಪಾವಗಡದ ಹುಡುಗಿಯ ಮಾತನ್ನು ಇಲ್ಲಿ ಹೇಳಬೇಕು. ಅವಳ ಊರನ್ನು ಬಹುಮಟ್ಟಿಗೆ ಆಂಧ್ರದ ನೆಲ ಸುತ್ತುವರಿದಿದೆ. ಅವಳ ಮನೆಮಾತೂ ತೆಲುಗೇ. ಚಿತ್ರಮಾಲೆ ತೆಲುಗಿನಲ್ಲಿ ಬಂದದ್ದರಿಂದ ನಿನಗೇನೂ ನಷ್ಟವಾಗಲಿಲ್ಲವಲ್ಲಮ್ಮ ಎಂದೆ. "ನನಗೆ ನಷ್ಟವಿಲ್ಲ ಸಾರ್" ಎಂದಳು. "ಆದರೆ ನಾನು ಅಕ್ಷರ ಕಲಿತದ್ದು ಕನ್ನಡದಲ್ಲಿ. ನಮ್ಮ ಮನೆಯಲ್ಲಿ ತೆಲುಗು ಮಾತನಾಡುತ್ತೇವೆ, ಓದಲು ಯಾರಿಗೂ ಬರುವುದಿಲ್ಲ. ನನ್ನ ತಮ್ಮ ಶಾಲೆಯ ಪುಸ್ತಕ ಮುಟ್ಟದವನು, ಕಥೆಯ ಆಸೆಗೆ ನಾವು ಬರೆದ ಸಾಲುಗಳನ್ನು ಕೂಡಿಸಿ ಕೂಡಿಸಿ ಓದುತ್ತಿದ್ದ." ನಾನು ಮೂವತ್ತು ವರ್ಷ ಬೆತ್ತ ಹಿಡಿದು ಮಾಡಿಸಿದ ಕೆಲಸವನ್ನು ಒಂದು ಜಪಾನೀ ಕಥೆ ಬೆತ್ತವಿಲ್ಲದೆ ಮಾಡಿಸುತ್ತಿತ್ತು. ಅದೂ ನಿಂತಿತು.

ಹಾಗಾದರೆ ಅಪ್ಪಣೆಯನ್ನು ಮುರಿಯಬೇಕೇ? ಬೇಡವೆಂದೇ ನನ್ನ ಅಭಿಪ್ರಾಯ. ಮುರಿಯುವ ಅಗತ್ಯವಿಲ್ಲದಂತೆ ಅಪ್ಪಣೆಯನ್ನು ಹೆಣೆಯಬಹುದು. ನಮ್ಮ ದೇಶದಲ್ಲಿಯೇ ಹಿಂದೆ ಹೆಣೆದಿದ್ದರು. ಬ್ರಿಟಿಷ್ ಇಂಡಿಯಾದ ೧೯೧೪ರ ಕೃತಿಸ್ವಾಮ್ಯದ ಕಾನೂನಿನಲ್ಲಿ ಬಹಳ ವಿವೇಕದ ಒಂದು ಕಲಮು ಇತ್ತು. ಇಲ್ಲಿ ಮೊದಲು ಪ್ರಕಟವಾದ ಪುಸ್ತಕದ ಅನುವಾದದ ಹಕ್ಕು ಲೇಖಕನಿಗೆ ಹತ್ತು ವರ್ಷ ಮಾತ್ರ. ಅಷ್ಟರೊಳಗೆ ಅವನಾಗಲಿ, ಅವನ ಅಪ್ಪಣೆ ಪಡೆದವರಾಗಲಿ ಯಾವ ಭಾಷೆಗೆ ಅನುವಾದ ಮಾಡಿ ಪ್ರಕಟಿಸಿದರೋ ಆ ಭಾಷೆಯ ಹಕ್ಕು ಉಳಿಯುತ್ತದೆ; ಮಾಡದೆ ಬಿಟ್ಟ ಭಾಷೆಗಳಿಗೆ ದಾರಿ ತೆರೆಯುತ್ತದೆ. ಎಂದರೆ, ಹಕ್ಕನ್ನು ನುಡಿನುಡಿಗೂ ಬೇರೆ ಬೇರೆಯಾಗಿ ಲೆಕ್ಕ ಹಾಕುತ್ತಿದ್ದರು. ೧೯೫೭ರ ಕಾನೂನು ಆ ಕಲಮನ್ನು ಉಳಿಸಲಿಲ್ಲ. ಅದರ ಬದಲು, ಪ್ರಕಟವಾಗಿ ಏಳು ವರ್ಷ ಕಳೆದ ಸಾಹಿತ್ಯ ಕೃತಿ ಅಥವಾ ನಾಟಕದ ಅನುವಾದಕ್ಕೆ, ರಾಜಧನ ಕೊಡುವ ಷರತ್ತಿನ ಮೇಲೆ ಲೈಸೆನ್ಸು ಬೇಡಬಹುದೆಂದಿತು. ಚಲನಚಿತ್ರಕ್ಕೆ ಆ ಅನುಕೂಲವಿಲ್ಲ. ೨೦೧೨ರ ತಿದ್ದುಪಡಿ ಅಂಗವಿಕಲರಿಗೆ ಒದಗುವ ರೂಪಕ್ಕೆ ಕೃತಿಗಳನ್ನು ತರಲು ಅವಕಾಶವಿತ್ತಿತು. ಕೇಳದ ಕಿವಿಯ ಮೇಲೆ ಕಾನೂನಿಗೆ ಕರುಣೆ ಬಂದಿದೆ. ತಿಳಿಯದ ನುಡಿಯ ಮೇಲೆ ಇನ್ನೂ ಬರಬೇಕು.

ಅನುವಾದದಿಂದ ನಮ್ಮ ನುಡಿ ಏನು ಪಡೆಯಿತೆಂಬುದನ್ನು ಧಾರಾವಾಹಿ ಓದುವ ಮನೆಗಳಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಬಿ. ವೆಂಕಟಾಚಾರ್ಯರು ಬಂಗಾಳಿಯನ್ನು ತಾವಾಗಿ ಕಲಿತು ಬಂಕಿಮಚಂದ್ರರನ್ನು ಕನ್ನಡಕ್ಕೆ ತಂದರು. ಗಳಗನಾಥರು ಮರಾಠಿಯಿಂದ ಹರಿ ನಾರಾಯಣ ಆಪಟೆಯವರನ್ನು ತಂದರು. ಕನ್ನಡದ ಹೆಂಗಸರು ಕಾದಂಬರಿ ಹಿಡಿದು ಕೂರಲು ಕಲಿತದ್ದೇ ಅಂಥ ಪುಸ್ತಕಗಳಿಂದ. ಆಮೇಲೆ ನಮ್ಮ ಸ್ವಂತ ಕಾದಂಬರಿ ಸಾಯಲಿಲ್ಲ; ಹುಟ್ಟಿತು. ನಮ್ಮ ಮೂವರು ಹುಡುಗರನ್ನು ಆ ಹಿರಿಯರಿಗೆ ಹೋಲಿಸುತ್ತಿಲ್ಲ. ಹಸಿವು ಮಾತ್ರ ಅದೇ ಎನ್ನುತ್ತೇನೆ.

ಇತ್ತ ಅಕ್ಕ ಪ್ರತಿ ಶನಿವಾರ, "ಆ ತಬ್ಬಲಿ ಹುಡುಗಿಯ ಕಥೆ ಏನಾಯಿತೋ?" ಎಂದು ಕೇಳುತ್ತಲೇ ಇದ್ದಳು. ಲೈಸೆನ್ಸು, ಒಪ್ಪಂದ ಎಂದು ಅವಳ ಕಿವಿಯಲ್ಲಿ ಕೂಗಿ ತಿಳಿಸುವುದು ಯಾರಿಂದಾದೀತು? ಕೊನೆಗೆ ಮೊಮ್ಮಗ ಚಂದಾ ಕಟ್ಟಿ, ಅಧಿಕೃತ ಪ್ರತಿಯನ್ನೇ ತರಿಸಿದ. ಅದರ ಅಡಿಯಲ್ಲಿ ನಮ್ಮ ಸಾಲುಗಳನ್ನು ಸೇರಿಸಲು ಎಡೆಯಿರಲಿಲ್ಲ. ಇನ್ನೂರು ಪುಟದ ಒಂದು ಗೆರೆ ಪುಸ್ತಕ ಕೊಂಡುತಂದು, ಉಳಿದ ಐದು ಕಂತುಗಳ ಮಾತನ್ನೆಲ್ಲ ಕಡಲೆಕಾಳಿನ ಗಾತ್ರದ ಅಕ್ಷರದಲ್ಲಿ ಕೈಯಾರೆ ಬರೆದ. ಭಾನುವಾರ ಮಧ್ಯಾಹ್ನ ಅಜ್ಜಿ ಮೊಮ್ಮಗ ಪಕ್ಕಪಕ್ಕದಲ್ಲಿ ಕುಳಿತರು. ಅವನು ಚಿತ್ರವನ್ನು ಒಂದಿಷ್ಟು ಓಡಿಸಿ ನಿಲ್ಲಿಸುವನು. ಅವಳು ಪುಸ್ತಕದಲ್ಲಿ ಬೆರಳಿಟ್ಟು ಓದಿ, "ಹೂಂ, ಬಿಡು" ಎನ್ನುವಳು. ಅವನು ಮತ್ತೆ ಓಡಿಸುವನು. ಇಪ್ಪತ್ತನಾಲ್ಕು ನಿಮಿಷದ ಕಂತಿಗೆ ಒಂದೂವರೆ ಗಂಟೆ ಹಿಡಿಯಿತು. ಐದು ಭಾನುವಾರಗಳಲ್ಲಿ ಕಥೆ ದಡ ಸೇರಿತು. ಅಕ್ಕ ಆ ಗೆರೆ ಪುಸ್ತಕಕ್ಕೆ ದಬ್ಬಳದಿಂದ ಎರಡು ಹೊಲಿಗೆ ಹಾಕಿ, ರಟ್ಟು ಅಂಟಿಸಿ ತನ್ನ ಹಳೆಯ ಪುಸ್ತಕಗಳ ಸಾಲಿಗೆ ಸೇರಿಸಿದ್ದಾಳೆ. ಒಂದು ಮನೆಯೊಳಗಿನ ಪ್ರೀತಿಗೆ ಯಾವ ಗೋಡೆಯೂ ಅಡ್ಡಬರಲಾರದು. ಆದರೆ ಮಧುಗಿರಿಯ ಆ ತಾಯಿಗೆ, ಪಾವಗಡದ ಆ ಹುಡುಗನಿಗೆ ಗೆರೆ ಪುಸ್ತಕ ಬರೆದುಕೊಡುವವರು ಯಾರು?

ಮೂವರೂ ಕೂಡಿ, ಹಕ್ಕು ಪಡೆದ ಸಂಸ್ಥೆಗೆ ಒಂದು ಕಾಗದ ಬರೆದಿದ್ದಾರೆ. ಅದನ್ನು ತಿದ್ದಿಕೊಟ್ಟದ್ದು ಮಾತ್ರ ನನ್ನ ಪಾಲು. 'ನಿಮ್ಮ ಅಪ್ಪಣೆಯನ್ನು ಗೌರವಿಸಿ ನಮ್ಮ ಕೆಲಸವನ್ನು ನಿಲ್ಲಿಸಿದ್ದೇವೆ. ಹನ್ನೆರಡು ಕಂತುಗಳ ಕನ್ನಡ ಸಾಲುಗಳೂ ನಮ್ಮ ಬಳಿ ಸಿದ್ಧವಾಗಿವೆ. ಬಿಡಿಗಾಸೂ ಬೇಡ, ತಿದ್ದಿ ಬಳಸಿಕೊಳ್ಳಿರಿ. ಬೇಡವೆಂದಾದರೆ ನೀವು ಒದಗಿಸದ ನುಡಿಯಲ್ಲಿ, ನಿಮ್ಮ ಚಂದಾದಾರರಿಗೆ ಮಾತ್ರ, ಲಾಭವಿಲ್ಲದೆ ಒದಗಿಸಲು ನಮಗೆ ಅಪ್ಪಣೆ ಕೊಡಿರಿ' ಎಂಬುದು ಅದರ ಸಾರಾಂಶ. ಇದಕ್ಕಿಂತ ನ್ಯಾಯವಾದ ಬೇಡಿಕೆಯನ್ನು ನಾನು ಕಾಣೆ. ಡಬ್ಬಿಂಗಿಗೆ ಕಂಠದಾನಿಗಳು ಬೇಕು, ಸ್ಟುಡಿಯೋ ಬೇಕು, ಹಣ ಬೇಕು. ಅಡಿಯ ಸಾಲಿಗೆ ಬೇಕಾದದ್ದು ನುಡಿ ಬಲ್ಲ ಇಬ್ಬರು ಮೂವರು ಮತ್ತು ಅವರ ನಿದ್ದೆ. ನಷ್ಟದ ಭಯವಿಲ್ಲದ ಈ ಬಾಗಿಲನ್ನು ತೆರೆದಿಟ್ಟರೆ, ಆ ನುಡಿಯಲ್ಲಿ ನೋಡುವವರು ಎಷ್ಟು ಮಂದಿಯೆಂಬ ಲೆಕ್ಕವೂ ವ್ಯಾಪಾರಿಯ ಕೈಗೆ ಬಿಟ್ಟಿಯಾಗಿ ಸಿಗುತ್ತದೆ.

ಉತ್ತರ ಇನ್ನೂ ಬಂದಿಲ್ಲ. ಇಂಥ ಮೂರು ಜನರ ಕಾಗದ ಯಾವ ಬುಟ್ಟಿಗೆ ಬೀಳುತ್ತದೆಂದು ನನಗೂ ಗೊತ್ತು. ಮೂರು ಸಾವಿರ ಕಾಗದಗಳು ಬಿದ್ದರೆ ಬುಟ್ಟಿ ತುಂಬುತ್ತದೆ. ಈ ಪತ್ರಿಕೆಯನ್ನು ಓದುವ ಮನೆಗಳಲ್ಲಿ ಅಂಥ ಸಂಸ್ಥೆಗಳಿಗೆ ಚಂದಾ ಕಟ್ಟುವವರು ಬಹುಮಂದಿ ಇದ್ದಾರೆ. ಮಕ್ಕಳು ಅದೇನನ್ನೋ ನೋಡುತ್ತಾರೆಂದು ಹಣ ಕಟ್ಟಿ ಸುಮ್ಮನಾಗದೆ, ಹಣ ಕಟ್ಟುವವರ ಅಧಿಕಾರದಿಂದ 'ನಮ್ಮ ಕನ್ನಡದ ಸಾಲು ಎಲ್ಲಿ?' ಎಂದು ಒಂದು ಮಾತು ಕೇಳಿದರೆ ಸಾಕು. ಕೇಳದವರಿಗೆ ಎಲೆ ಹಾಕುವ ರೂಢಿ ಮದುವೆಮನೆಯಲ್ಲಿ ಉಂಟು, ಮಾರುಕಟ್ಟೆಯಲ್ಲಿಲ್ಲ.

ಮೊಮ್ಮಗನಂತೂ ಉತ್ತರಕ್ಕೆ ಕಾದು ಕುಳಿತಿಲ್ಲ. ಬರುವ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ನಡೆಯುವ ಜಪಾನೀ ಭಾಷೆಯ ಪರೀಕ್ಷೆಗೆ ಓದಿಕೊಳ್ಳುತ್ತಿದ್ದಾನೆ. ಎಂದಾದರೂ ಒಂದು ದಿನ ಆ ಸಂಸ್ಥೆಯವರಿಗೆ ಕನ್ನಡ ಬಲ್ಲ ಅನುವಾದಕ ಬೇಕಾದಾಗ, ಇಂಗ್ಲಿಷಿನ ಹಂಗಿಲ್ಲದೆ ನೇರವಾಗಿ ತರಬಲ್ಲವನೊಬ್ಬ ತುಮಕೂರು ಜಿಲ್ಲೆಯಲ್ಲಿ ಸಿದ್ಧವಾಗಿರಬೇಕೆಂದು ಅವನ ಹಟ. ಈಗೀಗ ಸೋಮವಾರ ಬೆಳಗ್ಗೆ ಬಸ್ಸಿಗೆ ಹೊರಡುವಾಗ ಅಜ್ಜಿಗೆ ಜಪಾನಿನ ಮಾತಿನಲ್ಲೇ ಹೇಳಿ ಹೊರಡುತ್ತಾನೆ. ಅವಳಿಗೆ ಕೇಳಿಸುವುದಿಲ್ಲ, ತುಟಿಯ ಚಲನೆಯಿಂದಲೇ ತಿಳಿದುಕೊಂಡು, ಕನ್ನಡದಲ್ಲಿ ಉತ್ತರ ಕೊಡುತ್ತಾಳೆ.